ಆಯ್ತಾ ಅಣ್ಣಾ?

'ಆಯ್ತಾ?' ಎರಡೇ ಅಕ್ಷರ. ಬಚ್ಚಲುಮನೆ ಬಾಗಿಲು ಬಡಿದು ಕೇಳಿದರೆ ತಪ್ಪಿಲ್ಲ. ದೋಸೆ ಕಾವಲಿ ಮುಂದೆ ತಟ್ಟೆ ಹಿಡಿದು ಕೇಳಿದರೂ ತಪ್ಪಿಲ್ಲ. ಆದರೆ ಅದನ್ನೇ ಮೈಕಿನಲ್ಲಿ, ತುಮಕೂರಿನ ಅರ್ಧ ಎಸ್.ಎಸ್. ಪುರಂಗೆ ಕೇಳಿಸುವ ಹಾಗೆ ಕೇಳಿದರೆ?

ನಮ್ಮದೊಂದು ಪುಟ್ಟ ಆರ್ಕೆಸ್ಟ್ರಾ. ಗಣೇಶನ ಹಬ್ಬ, ರಾಜ್ಯೋತ್ಸವ, ಅಪರೂಪಕ್ಕೊಂದು ಆರತಕ್ಷತೆ. ಐದು ಜನ. ಕೀಬೋರ್ಡಿನವರಿಗೆ ಸ್ವಿಚ್ ಹಾಕಿದರೆ ಶ್ರುತಿ ಸಿದ್ಧ. ಪ್ಯಾಡ್ ಬಾರಿಸುವ ಹುಡುಗನಿಗೆ ಶ್ರುತಿಯ ಗೊಡವೆಯೇ ಇಲ್ಲ. ಎಲೆಕ್ಟ್ರಿಕ್ ಗಿಟಾರ್ ಹಿಡಿದ ನಾನೊಬ್ಬ ಆರು ತಂತಿಗಳ ಕಿವಿ ಹಿಂಡಬೇಕು. ಒಂದು ಸಲ ಹಿಂಡಿದರೆ ಸಾಲದು. ಮನೆಯಲ್ಲಿ ಹದ ಮಾಡಿ ತಂದ ಉಕ್ಕಿನ ತಂತಿ ಫೋಕಸ್ ಲೈಟಿನ ಬಿಸಿಗೆ ಹಿಗ್ಗಿ ಇಳಿಯುತ್ತದೆ. ರಾತ್ರಿ ತಣ್ಣನೆ ಗಾಳಿ ಬಂದರೆ ಮತ್ತೆ ಏರುತ್ತದೆ. ಎರಡು ಹಾಡಿನ ನಡುವೆ ನಾನು ತಲೆ ಬಗ್ಗಿಸಿ ಟೊಂಯ್ ಟೊಂಯ್ ಅನ್ನುವಷ್ಟರಲ್ಲಿ ನಮ್ಮ ಪ್ಯಾಡ್ ಹುಡುಗ ಮೈಕಿನ ಹತ್ತಿರ ಬಾಗುತ್ತಾನೆ.

"ಆಯ್ತಾ ಅಣ್ಣಾ?"

ಹುಡುಗ ಒಳ್ಳೆಯವನೇ. ಸಾಮಾನು ಹೊರುತ್ತಾನೆ, ನನಗೆ ಸಕ್ಕರೆ ಇಲ್ಲದ ಕಾಫಿ ನೆನಪಿಟ್ಟು ತರುತ್ತಾನೆ. ಆದರೆ ಸುಮ್ಮನಿರುವ ವೇದಿಕೆ ಕಂಡರೆ ಅವನಿಗೆ ಕೈಕಾಲು ನಡುಗುತ್ತದೆ. ಮೊದಲನೇ ತಂತಿಗೆ ಒಮ್ಮೆ ಕೇಳುತ್ತಾನೆ. ಮೂರನೆಯದಕ್ಕೆ ಇನ್ನೊಮ್ಮೆ. ಐದನೆಯದಕ್ಕೆ ಬರುವ ಹೊತ್ತಿಗೆ ಮುಂದಿನ ಸಾಲಿನ ಮಕ್ಕಳೇ ಒಟ್ಟಾಗಿ "ಆಯ್ತಾ ಅಣ್ಣಾ?" ಅನ್ನುತ್ತವೆ. ಮಾರನೆಯ ದಿನ ತರಕಾರಿ ಅಂಗಡಿಯಲ್ಲಿ ಹುರುಳಿಕಾಯಿ ಆರಿಸುತ್ತಿದ್ದರೆ ಯಾರೋ ಸ್ಕೂಟರ್ ನಿಲ್ಲಿಸಿ ಅದನ್ನೇ ಕೇಳಿ ಹೋಗುತ್ತಾರೆ.

ಈ ಸಲದ ಗಣೇಶನ ಪೆಂಡಾಲಿನಲ್ಲಿ ಆಗಿದ್ದು ಮಾತ್ರ ಅದಕ್ಕೂ ಮೀರಿದ್ದು.

ಆಗ ನಾನು ಶ್ರುತಿಗೆ ಫೋನಿನ ಆ್ಯಪ್ ನಂಬಿದ್ದೆ. ಅದು ಫೋನಿನ ಮೈಕಿನಿಂದ ಕೇಳಿಸಿಕೊಂಡು ಯಾವ ಸ್ವರ ಎಂದು ಇಂಗ್ಲಿಷ್ ಅಕ್ಷರದಲ್ಲಿ ತೋರಿಸುತ್ತದೆ. ಕರೆಂಟ್ ಹೋಗಿತ್ತು. ವೇದಿಕೆಯ ಹಿಂದೆ ಜನರೇಟರ್ ಗುಡುಗುಡು ಅನ್ನುತ್ತಿತ್ತು. ದಪ್ಪ ತಂತಿ ಮೀಟಿದೆ, ಅದು 'ಇ' ಆಗಬೇಕು. ಫೋನು 'ಜಿ' ಅಂದಿತು. ಪಕ್ಕದ ತಂತಿ ಮೀಟಿದೆ, 'ಎ' ಬರಬೇಕು. ಮತ್ತೆ 'ಜಿ'. ಹೋಗಲಿ, ಮೂರನೇ ತಂತಿ ಹೇಗೂ 'ಜಿ' ತಾನೇ, ಅದನ್ನಾದರೂ ಸರಿ ಮಾಡಿಕೊಳ್ಳೋಣ ಅಂದುಕೊಂಡೆ. ಸ್ವಲ್ಪ ಜಾಸ್ತಿ ಇದೆ, ಇಳಿಸು ಎಂದು ಮುಳ್ಳು ತೋರಿಸಿತು. ಇಳಿಸಿದೆ. ಇನ್ನೂ ಜಾಸ್ತಿ. ಇನ್ನೂ ಇಳಿಸಿದೆ. ಮುಳ್ಳು ಕದಲಲಿಲ್ಲ. "ಆಯ್ತಾ ಅಣ್ಣಾ?" ಇರಪ್ಪಾ. ಇಳಿಸುತ್ತಾ ಇಳಿಸುತ್ತಾ ತಂತಿ ಬಟ್ಟೆ ಒಣಹಾಕುವ ಹಗ್ಗದ ಹಾಗೆ ಜೋತುಬಿತ್ತು. ಆದರೂ ಫೋನು 'ಜಿ, ಸ್ವಲ್ಪ ಜಾಸ್ತಿ' ಅನ್ನುತ್ತಲೇ ಇತ್ತು.

ಮನೆಗೆ ಬಂದು ಲೆಕ್ಕ ಹಾಕಿದಾಗ ಗುಟ್ಟು ಗೊತ್ತಾಯಿತು. ನಮ್ಮ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ ಐವತ್ತು ಸಲ ಅದುರುವಂಥದ್ದು. ಜನರೇಟರೂ ಅದೇ ಲೆಕ್ಕಕ್ಕೆ ಓಡಬೇಕು. ಕೆಳಗಿನ ಸ್ಥಾಯಿಯ 'ಜಿ' 49 ಹರ್ಟ್ಸ್. ಅಂದರೆ ನಾನು ಅರ್ಧ ಗಂಟೆ ಶ್ರುತಿ ಮಾಡಲು ಹೊರಟಿದ್ದು ಗಿಟಾರನ್ನಲ್ಲ, ಡೀಸೆಲ್ ಜನರೇಟರನ್ನು! ನಮ್ಮ ಹಾರ್ಮೋನಿಯಂ ಲೆಕ್ಕದಲ್ಲಿ 'ಜಿ' ಎಂದರೆ ಐದು ಮನೆ ಶ್ರುತಿ. ಎಷ್ಟೋ ಗಾಯಕಿಯರು ಹಾಡುವ ಶ್ರುತಿ ಅದು. ಅವತ್ತು ವೇದಿಕೆಯಲ್ಲಿ ಹೆಚ್ಚುಕಡಿಮೆ ಶ್ರುತಿ ಹಿಡಿದಿದ್ದು ಅದೊಂದೇ ಯಂತ್ರ.

ಅವತ್ತೇ ನಿರ್ಧಾರ ಮಾಡಿದೆ, ಟ್ಯೂನರ್ ಪೆಡಲ್ ತಗೊಳ್ಳಬೇಕು.

ನೆಲದ ಮೇಲೆ ಇಡುವ ಸಣ್ಣ ಲೋಹದ ಡಬ್ಬಿ ಅದು. ಗಿಟಾರಿನ ವೈರು ಅದರೊಳಗೆ ಹೋಗಿ ಆಚೆ ಬರುತ್ತದೆ. ಹಾಗಾಗಿ ಅದಕ್ಕೆ ಜನರೇಟರ್, ತಮಟೆ, ಪಟಾಕಿ ಯಾವುದೂ ಕೇಳಿಸದು, ತಂತಿ ಮಾತ್ರ. ಕಾಲಲ್ಲಿ ಒತ್ತಿದರೆ ಸ್ಪೀಕರಿಗೆ ಶಬ್ದ ಹೋಗುವುದು ನಿಲ್ಲುತ್ತದೆ. ದೀಪ ನೋಡಿಕೊಂಡು ಗುಟ್ಟಾಗಿ ಶ್ರುತಿ ಮಾಡಿಕೊಳ್ಳಬಹುದು. ಕಾಲಲ್ಲಿ ಒತ್ತುವುದು ನಮ್ಮ ಜಿಲ್ಲೆಗೇನು ಹೊಸದಲ್ಲ ಬಿಡಿ. 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿದ ನೆಲ ಇದು. ಕಂಪನಿ ನಾಟಕದವರು ಕಾಲು ಹಾರ್ಮೋನಿಯಂ ಒತ್ತಿಕೊಂಡೇ ಊರೂರು ಸುತ್ತಿದವರು.

ನನಗೆ ಬೇಕಾಗಿದ್ದು ಮರ್ಯಾದೆ ಒಂದೇ. ಅದರಲ್ಲೂ ಇಷ್ಟೊಂದು ಮಾದರಿ ಇರುತ್ತದೆ ಅಂತ ಗೊತ್ತಿರಲಿಲ್ಲ. ಬಾಸ್ ಕಂಪನಿಯ ಟಿಯು-2 ಬಂದಿದ್ದು 1998ರಲ್ಲಿ, ಟಿಯು-3 ಬಂದಿದ್ದು 2010ರಲ್ಲಿ. ಅದೇ ವರ್ಷ ಬಂದ ಪಾಲಿಟ್ಯೂನ್ ಎನ್ನುವುದು ಆರೂ ತಂತಿ ಒಟ್ಟಿಗೆ ಎಳೆದರೆ ಯಾವುದು ಕೆಟ್ಟಿದೆ ಎಂದು ತೋರಿಸಿಬಿಡುತ್ತದೆ. ನಮ್ಮ ಚೀಟಿ ಗುಂಪಿಗೂ ಇಂಥದ್ದೊಂದು ಬೇಕಿತ್ತು. ಎಲ್ಲರನ್ನೂ ಒಟ್ಟಿಗೆ ಮೀಟಿದರೆ ಕಂತು ಕಟ್ಟದವನ ಮೇಲೆ ಕೆಂಪು ದೀಪ.

ಕೆಲವು ಪೆಡಲ್ ಒಂದು ಸೆಂಟ್ ವ್ಯತ್ಯಾಸ ಹಿಡಿಯುತ್ತವಂತೆ. ಸ್ಟ್ರೋಬ್ ಎಂಬ ಜಾತಿಯವು ಸೆಂಟಿನ ಹತ್ತನೇ ಒಂದು ಭಾಗ. ಇದನ್ನು ಮನೆಯಾಕೆಗೆ ವಿವರಿಸುತ್ತಿದ್ದೆ.

"ಎಷ್ಟು ಸೆಂಟ್ ರೀ? ಮಂಗಳೂರು ಕಡೆನಾ ಸೈಟು?"

ಸೈಟಲ್ಲ, ಸ್ವರ ಅಂದೆ. ಗಿಟಾರಿನಲ್ಲಿ ಅಕ್ಕಪಕ್ಕದ ಎರಡು ಮನೆಗಳ ಸ್ವರದ ನಡುವಿನ ಜಾಗವನ್ನು ನೂರು ಪಾಲು ಮಾಡಿದರೆ ಒಂದು ಪಾಲೇ ಸೆಂಟು.

"ಮತ್ತೆ ಸೈಟೇ ಅಲ್ವಾ?" ಅಂದು ಒಳಗೆ ಹೋದಳು. ನಮ್ಮ ಗಾಯಕರು ಆವೇಶ ಬಂದರೆ ನಲವತ್ತು ಸೆಂಟ್ ಒತ್ತುವರಿ ಮಾಡುವವರು. ಅವರ ಪಕ್ಕ ಕೂತು ನಾನು ಹತ್ತನೇ ಒಂದು ಭಾಗ ಅಳೆದು ಏನಾಗಬೇಕು?

ಇನ್ನೊಂದು ಜಗಳ ಬೈಪಾಸಿನದು. ಬೈಪಾಸ್ ಅಂದರೆ ನನಗೆ ಗೊತ್ತಿದ್ದು ಲಾರಿ ಹೋಗುವುದು. ಕೆಲವು ಪೆಡಲ್‌ಗಳಲ್ಲಿ ಬಫರ್ ಇರುತ್ತದೆ, ಉದ್ದ ವೈರಿನಲ್ಲಿ ಶಬ್ದ ಮಂಕಾಗದ ಹಾಗೆ ನೋಡಿಕೊಳ್ಳುತ್ತದೆ, ಆದರೆ ಕರೆಂಟ್ ಇಲ್ಲದಿದ್ದರೆ ಶಬ್ದವೇ ದಾಟದು. ಟ್ರೂ ಬೈಪಾಸ್ ಇದ್ದರೆ ಪೆಡಲ್ ಸತ್ತರೂ ಶಬ್ದ ಆಂಪ್ಲಿಫೈಯರಿಗೆ ದಾಟುತ್ತದೆ ಎಂದು ವಿಡಿಯೊದವನು ಮೇಜು ಕುಟ್ಟಿ ಹೇಳಿದ. ಅಲ್ಲಯ್ಯಾ, ನಮ್ಮೂರಲ್ಲಿ ಕರೆಂಟ್ ಹೋದರೆ ಆಂಪ್ಲಿಫೈಯರೂ ಸಾಯುತ್ತದೆ. ಶಬ್ದ ದಾಟಿ ಹೋಗುವುದು ಎಲ್ಲಿಗೆ?

ಕೊನೆಗೆ ಒಂದು ಭಾನುವಾರ ರೈಲು ಹತ್ತಿ, 70 ಕಿಲೋಮೀಟರ್ ನಿಂತುಕೊಂಡೇ ಹೋಗಿ, ಬೆಂಗಳೂರಿನ ಅಂಗಡಿಯೊಂದರಲ್ಲಿ ಬೆಲೆ ಕೇಳಿ ಸ್ವಲ್ಪ ಹೊತ್ತು ಕೂತು, ಇದ್ದುದರಲ್ಲೇ ಚಿಕ್ಕದೊಂದನ್ನು ತಂದೆ. ಪೊಟ್ಟಣ ಬಿಚ್ಚಿದರೆ ಬ್ಯಾಟರಿ ಹಾಕುವ ಜಾಗ ಇಲ್ಲ. ಅಡಾಪ್ಟರ್ ಜೊತೆಯಲ್ಲಿ ಕೊಡುವುದಿಲ್ಲವಂತೆ. ಮನೆಯಲ್ಲಿ ಸತ್ತ ಅಡಾಪ್ಟರುಗಳ ಒಂದು ಬಿಸ್ಕತ್ ಡಬ್ಬಿಯೇ ಇದೆ, ಎಲ್ಲರ ಮನೆಯಲ್ಲೂ ಇರುತ್ತದೆ. ಅಷ್ಟನ್ನೂ ಚಾಪೆ ಮೇಲೆ ಸುರಿದೆ. ಪೆಡಲಿಗೆ ಬೇಕಿದ್ದು 9 ವೋಲ್ಟ್, ಪಿನ್ನಿನ ನಡುವೆ ಮೈನಸ್. ಇದ್ದುದೆಲ್ಲ 5 ವೋಲ್ಟ್, 12 ವೋಲ್ಟ್, ನಡುವೆ ಪ್ಲಸ್. ಸರಿಯಾದ ಅಡಾಪ್ಟರ್ ಬರುವವರೆಗೆ ಒಂದು ವಾರ ಪೆಡಲ್ ಷೋಕೇಸಿನಲ್ಲಿ ಗೊಂಬೆಯ ಪಕ್ಕ ಕೂತಿತ್ತು. ಮನೆಯಾಕೆ ದಿನಕ್ಕೊಮ್ಮೆ ಅದರ ಮುಂದೆ ನಿಂತು ಕೇಳುತ್ತಿದ್ದಳು. ಏನು ಅಂತ ಬೇರೆ ಹೇಳಬೇಕಿಲ್ಲ.

ಆ ವಾರ ಅಪ್ಪ ಜಾಸ್ತಿ ನೆನಪಾದರು. ರಾಮನವಮಿ ಭಜನೆಗೆ ಅವರು ತಂಬೂರಿ ಹಿಡಿದು ಕೂರುತ್ತಿದ್ದರು. ಬಿರಡೆ ತಿರುಗಿಸಿ, ಮಣಿ ಸರಿಸಿ, ತಂತಿಯ ಕೆಳಗಿನ ದಾರವನ್ನು ಕೂದಲೆಳೆಯಷ್ಟು ಎಳೆದು ಮತ್ತೆ ಮೀಟುತ್ತಿದ್ದರು. ಹತ್ತು ನಿಮಿಷವಾದರೂ ಹಿಡಿಯುತ್ತಿತ್ತು. ಪಾನಕ ಹಂಚುವವರೂ ಲೋಟ ಸದ್ದು ಮಾಡುತ್ತಿರಲಿಲ್ಲ. ಶ್ರುತಿ ಕೂಡಿದ ಕ್ಷಣ ಅವರ ಕಣ್ಣು ತಾನಾಗಿ ಮುಚ್ಚುತ್ತಿತ್ತು, ನಮಗೂ ಅದು ಗೊತ್ತಾಗುತ್ತಿತ್ತು. ಅವರು ಎಲ್ಲರೆದುರು ಮಾಡುತ್ತಿದ್ದ ಕೆಲಸವನ್ನು ಬಚ್ಚಿಟ್ಟುಕೊಂಡು ಮಾಡಲು ನಾನು ಅಷ್ಟು ದುಡ್ಡು ಕೊಟ್ಟು ಬಂದಿದ್ದೆ.

ಮೊನ್ನೆ ರಾಜ್ಯೋತ್ಸವದ ಕಾರ್ಯಕ್ರಮ. ಅಡಾಪ್ಟರ್ ಬಂದಿತ್ತು. ಎರಡನೇ ಹಾಡು ಮುಗಿಯಿತು, ತಂತಿ ಇಳಿದಿತ್ತು. ಪೆಡಲ್ ಒತ್ತಿದೆ. ಆಹಾ, ಪೂರ್ತಿ ನಿಶ್ಶಬ್ದ. ಒಂದು ಟೊಂಯ್ ಕೂಡ ಆಚೆ ಇಲ್ಲ. ಬಗ್ಗಿ ಕಾಲಿನ ಹತ್ತಿರ ದೀಪ ನೋಡುತ್ತಾ ನಿಧಾನವಾಗಿ ಬಿರಡೆ ತಿರುಗಿಸಿದೆ. ಹಸಿರು. ಮುಂದಿನದು. ಹಸಿರು.

ಮೈಕು ಕರಕರ ಅಂದಿತು.

"ಅಣ್ಣಾ, ಏನಾದ್ರೂ ಬಿದ್ದೋಯ್ತಾ?"

ನಾನು ತಲೆ ಎತ್ತುವಷ್ಟರಲ್ಲಿ ಮುಂದಿನ ಸಾಲಿನವರು ಮೊಬೈಲ್ ಟಾರ್ಚ್ ಹಾಕಿಕೊಂಡು ಎದ್ದಿದ್ದರು. ಕಮಿಟಿಯವರಿಬ್ಬರು ವೇದಿಕೆ ಹತ್ತಿ ಜಮಖಾನೆ ಎತ್ತತೊಡಗಿದರು. ಉಂಗುರ ಅಂತೆ ಎಂದು ಯಾರೋ ಅಂದರು. ಎಷ್ಟು ಗ್ರಾಮು ಎಂದು ಇನ್ಯಾರೋ ಕೇಳಿದರು. ಸ್ಪೀಕರಿನ ಸಂದಿಯಿಂದ ಒಬ್ಬ ಹುಡುಗ ಒಂದು ಅಂಗಿ ಗುಂಡಿ ಹುಡುಕಿ ತಂದು, "ಇದೇನಾ ಸಾರ್?" ಎಂದು ನನ್ನ ಅಂಗೈಗೆ ಹಾಕಿದ. ಹೌದಪ್ಪಾ ಅಂದು ಜೇಬಿಗೆ ಹಾಕಿಕೊಂಡೆ. ಜನ ಚಪ್ಪಾಳೆ ತಟ್ಟಿದರು.

"ಸಿಕ್ತಂತೆ," ಅಂದಿತು ಮೈಕು. "ಆಯ್ತಾ ಅಣ್ಣಾ?"