ಮಿಷನ್ ಟ್ರೀ ಮರಳಿ ಬರಬೇಕೆ?

ಇತಿಹಾಸದ ರಾಜ್ಯವೊಂದನ್ನು ಆರಿಸಿಕೊಂಡು ಆಳುವ ಕಂಪ್ಯೂಟರ್ ಆಟಗಳ ಸರಣಿ, ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆಯ ‘ಯೂರೋಪಾ ಯೂನಿವರ್ಸಾಲಿಸ್’. ಅದರ ನಾಲ್ಕನೆಯ ಆಟ (2013) ರೂಢಿಗೆ ತಂದ ವ್ಯವಸ್ಥೆಗಳಲ್ಲಿ ಮಿಷನ್ ಟ್ರೀ ಒಂದು. ಒಂದೊಂದು ರಾಜ್ಯಕ್ಕೂ ಗುರಿಗಳ ಕವಲುಪಟ್ಟಿಯೊಂದು ಇರುತ್ತದೆ. ಒಂದು ಗುರಿಯನ್ನು ಸಾಧಿಸಿದರೆ ಬಹುಮಾನ ದೊರೆತು ಅದರ ಕೆಳಗಿನ ಗುರಿಗೆ ದಾರಿ ತೆರೆದುಕೊಳ್ಳುತ್ತದೆ. 2025ರ ನವೆಂಬರಿನಲ್ಲಿ ಬಂದ ಐದನೆಯ ಆಟವು ರಾಜ್ಯಕ್ಕೊಂದರಂತೆ ಹೆಣೆದ ಇಂಥ ಟ್ರೀಗಳನ್ನು ಕೈಬಿಟ್ಟಿತು. ಅವನ್ನು ಹಳೆಯ ಆಟದಿಂದ ಮರಳಿ ಪಡೆಯಬೇಕೆ ಎಂಬುದು ಪ್ರಶ್ನೆ.

ಪರ: ದಿಕ್ಕಿಲ್ಲದ ನಕಾಶೆ ಆಟವಾಗದು

ಈ ಸರಣಿಯ ಮೂರನೆಯ ಆಟವು 2007ರಲ್ಲಿ ಮೊದಲು ಬಂದಾಗ ಅದರಲ್ಲಿ ಮಿಷನ್ ಎಂಬುದೇ ಇರಲಿಲ್ಲ. ಕನ್ನಡಿಗರು ಸಾಮಾನ್ಯವಾಗಿ ಮಾಡುವಂತೆ ನಾನೂ ವಿಜಯನಗರವನ್ನು ಆರಿಸಿಕೊಂಡು, ಕಾಲದ ವೇಗವನ್ನು ಏರಿಸಿ, ಬೊಕ್ಕಸದ ಅಂಕಿ ಬೆಳೆಯುವುದನ್ನು ನೋಡುತ್ತ ಕುಳಿತೆ. ಆಟದೊಳಗೆ ಹನ್ನೆರಡು ವರ್ಷಗಳು ಕಳೆದರೂ ಮುಂದೇನು ಮಾಡಬೇಕೆಂದು ತೋಚಲಿಲ್ಲ. ಬೆನ್ನ ಹಿಂದೆ ನಿಂತಿದ್ದ ತಂಗಿ, ‘ಅಣ್ಣಾ, ಕಂಪ್ಯೂಟರ್ ಹ್ಯಾಂಗ್ ಆಗಿದೆಯಾ?’ ಎಂದು ಕೇಳಿದಳು. ಹ್ಯಾಂಗ್ ಆಗಿದ್ದವನು ನಾನು.

ನಾಲ್ಕನೆಯ ಆಟವು 1444ರ ನವೆಂಬರ್ 11ರಿಂದ, ಎಂದರೆ ಆಟೊಮನ್ ತುರ್ಕರು ಯೂರೋಪಿನ ಕ್ರೈಸ್ತ ಸೈನ್ಯವನ್ನು ಸೋಲಿಸಿದ ವಾರ್ನಾ ಕದನದ ಮರುದಿನದಿಂದ, ಮೊದಲಾಗಿ 1821ರವರೆಗೆ ನಡೆಯುತ್ತದೆ. ಮುನ್ನೂರ ಎಪ್ಪತ್ತಾರು ವರ್ಷಗಳ ಕಾಲವನ್ನೂ ನೂರಾರು ರಾಜ್ಯಗಳ ನಕಾಶೆಯನ್ನೂ ಒಬ್ಬನ ಮುಂದೆ ಹರಡಿ, ‘ಇಷ್ಟ ಬಂದಂತೆ ಆಡು’ ಎಂದು ಹೇಳುವುದು ಔದಾರ್ಯವಲ್ಲ, ಜವಾಬ್ದಾರಿಯಿಂದ ನುಣುಚಿಕೊಳ್ಳುವುದು. 2018ರ ಮೊದಲ ತಿಂಗಳುಗಳವರೆಗೆ ಈ ಆಟದಲ್ಲಿಯೂ ಮುಂದಿಟ್ಟ ಕೆಲವು ಗುರಿಗಳಲ್ಲಿ ಒಂದನ್ನು ಆಯ್ದುಕೊಳ್ಳುವ ಪದ್ಧತಿಯಷ್ಟೇ ಇತ್ತು. ಆ ವರ್ಷ ಟ್ರೀ ಬಂದ ಮೇಲೆಯೇ ಒಂದು ಗುರಿ ಇನ್ನೊಂದಕ್ಕೆ ಏಕೆ ಮೆಟ್ಟಿಲಾಗುತ್ತದೆ ಎಂಬುದು ಕಣ್ಣಿಗೆ ಕಾಣತೊಡಗಿತು.

ನನ್ನ ಮಟ್ಟಿಗೆ ಆ ಕಾಣ್ಕೆ ಆಟೊಮನ್ನರನ್ನು ಆಡಿದಾಗ ಒದಗಿತು. ‘1453ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲನ್ನು ವಶಪಡಿಸಿಕೊಂಡರು’ ಎಂಬ ವಾಕ್ಯವನ್ನು ಹೈಸ್ಕೂಲಿನಲ್ಲಿ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಎರಡು ಅಂಕದ ಪ್ರಶ್ನೆಗೆ ಅದು ಸಾಕಾಗುತ್ತಿತ್ತು. ಟ್ರೀಯಲ್ಲಿ ಆ ನಗರದ ಹೆಸರನ್ನು ಕಂಡ ಕೂಡಲೇ ಇದೇನು ಮಹಾ ಎಂದುಕೊಂಡು ಯುದ್ಧ ಸಾರಿದೆ. ಖರ್ಚು ಉಳಿಸುವ ಜಾಣತನದಲ್ಲಿ ಅದಕ್ಕೆ ಮೊದಲೇ ನನ್ನ ಹಡಗುಗಳನ್ನೆಲ್ಲ ವಿಸರ್ಜಿಸಿಬಿಟ್ಟಿದ್ದೆ. ಶತ್ರುವಿನ ಹಡಗುಗಳು ಮರ್ಮರಾ ಸಮುದ್ರವನ್ನು ಹಿಡಿದು ನಿಂತವು. ಜಲಸಂಧಿಯಲ್ಲಿ ಶತ್ರುವಿನ ನೌಕೆಗಳಿದ್ದರೆ ಈ ಆಟದಲ್ಲಿ ಸೈನ್ಯ ದಾಟಲಾರದು. ನನ್ನ ದೊಡ್ಡ ಸೈನ್ಯ ಏಷ್ಯಾದ ದಡದಲ್ಲಿ ಉಳಿಯಿತು, ಕೋಟೆ ಯೂರೋಪಿನ ದಡದಲ್ಲಿತ್ತು. ಯೂರೋಪಿನ ದಡದಲ್ಲೇ ಇದ್ದ ನನ್ನ ಚಿಕ್ಕ ಪಡೆ ಮುತ್ತಿಗೆ ಹಾಕಿತಾದರೂ ಬಂದರಿಗೆ ದಿಗ್ಬಂಧನವಿಲ್ಲದ ಕಾರಣ ಅದು ಮೂರು ವರ್ಷ ಎಳೆಯಿತು. ಎರಡನೆಯ ಮೆಹಮದ್ ತನ್ನ ಹಡಗುಗಳನ್ನು ಗಲಾಟಾದ ಹಿಂದಿನ ಗುಡ್ಡದ ಮೇಲೆ ಎಳೆಸಿ, ಸರಪಳಿ ಕಟ್ಟಿದ್ದ ಗೋಲ್ಡನ್ ಹಾರ್ನ್ ಕೊಲ್ಲಿಯೊಳಗೆ ಏಕೆ ಇಳಿಸಿದನೆಂಬುದು ಆ ರಾತ್ರಿ ನನಗೆ ಅರ್ಥವಾಯಿತು. ಮರುದಿನ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಅದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಹಿಂದೆ ಅದನ್ನು ಓದಲು ನನಗೆ ಕಾರಣವೇ ಇರಲಿಲ್ಲ, ಮಿಷನ್ ಆ ಕಾರಣವನ್ನು ಒದಗಿಸಿತು.

ಜರ್ಮನಿಯ ಬ್ರಾಂಡೆನ್‌ಬರ್ಗನ್ನು ಆಡುವವನ ಕಣ್ಣು ಪ್ರಷ್ಯದತ್ತ, ಸ್ಪೇನಿನ ಕ್ಯಾಸ್ಟೀಲನ್ನು ಆಡುವವನ ಕಣ್ಣು ಗ್ರನಾಡಾದತ್ತ ಹರಿಯುವುದು ಟ್ರೀಯಿಂದ. ಅದನ್ನು ತೆಗೆದುಹಾಕಿದರೆ ಎಲ್ಲ ರಾಜ್ಯಗಳೂ ಬೇರೆ ಬೇರೆ ಬಣ್ಣ ಬಳಿದ ಒಂದೇ ರಾಜ್ಯವಾಗುತ್ತವೆ. ಇತಿಹಾಸ ಮೊದಲೇ ಬರೆದಿಟ್ಟದ್ದಲ್ಲ, ಆದ್ದರಿಂದ ಗುರಿಗಳನ್ನು ಕೊಡಬಾರದು ಎಂದು ವಾದಿಸುವವರಿದ್ದಾರೆ. ಬಾಳೆಲೆಯ ಮೇಲೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿಗಳಿಗೆ ಇಂಥದೇ ಜಾಗ ಎಂದು ಗೊತ್ತುಮಾಡಿದ್ದನ್ನು ಕಂಡು ಊಟದ ಸ್ವಾತಂತ್ರ್ಯವೇ ಹೋಯಿತೆಂದು ಪಂಕ್ತಿಯಿಂದ ಎದ್ದುಹೋದವರನ್ನು ನಾನಿನ್ನೂ ಕಂಡಿಲ್ಲ. ಮಿಷನ್ ಬೇಡವಾದವನು ಆ ಪುಟವನ್ನು ತೆರೆಯದಿದ್ದರಾಯಿತು. ಬೇಕಾದವನಿಗೆ ತೆರೆಯಲು ಪುಟವಾದರೂ ಇರಬೇಕು.

ವಿರೋಧ: ಬಹುಮಾನದ ಪಟ್ಟಿ ಇತಿಹಾಸವಲ್ಲ

ನನಗೆ ವಿರೋಧದ ಪಕ್ಷವನ್ನು ವಹಿಸಲಾಗಿದೆ. ನಾಲ್ಕನೆಯ ಆಟವನ್ನು ಮಿಷನ್ ಪುಟ ತೆರೆಯದೆ ಆರಂಭಿಸಿದ ನೆನಪು ನನಗಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆದರೂ ಈ ಪಕ್ಷದಲ್ಲಿ ತಿರುಳಿಲ್ಲದೆ ಇಲ್ಲ.

ನೆರೆಯ ಪ್ರಾಂತ್ಯದ ಮೇಲೆ ಹಕ್ಕು ಸಾಧಿಸಬೇಕಾದರೆ ನಾಲ್ಕನೆಯ ಆಟದಲ್ಲಿ ಗೂಢಚಾರರ ಜಾಲವನ್ನು ಕಟ್ಟಬೇಕು, ಅದಕ್ಕೆ ತಿಂಗಳುಗಟ್ಟಲೆ ಕಾಯಬೇಕು, ಸಿಕ್ಕಿಬಿದ್ದರೆ ಹಗೆತನವನ್ನು ಎದುರಿಸಬೇಕು. ಮಿಷನ್ ಒಂದನ್ನು ಮುಗಿಸಿದವನಿಗೆ ಅದೇ ಹಕ್ಕು ಒಂದಿಡೀ ಪ್ರದೇಶದ ಮೇಲೆ, ಅದೂ ಶಾಶ್ವತವಾಗಿ, ಒಂದೇ ಗುಂಡಿಯನ್ನೊತ್ತಿದ ಮಾತ್ರಕ್ಕೆ ಸಿಗುತ್ತದೆ. ಆಟವೇ ಕಷ್ಟಪಟ್ಟು ಕಟ್ಟಿದ ನಿಯಮವನ್ನು ಆಟವೇ ಬಹುಮಾನವಾಗಿ ರದ್ದುಮಾಡುವ ವಿಚಿತ್ರವಿದು. ಇದರ ಜೊತೆಗೆ, ಹೊಸ ಡಿಎಲ್‌ಸಿ (ಬೇರೆಯಾಗಿ ಹಣ ಕೊಟ್ಟು ಕೊಳ್ಳುವ ಆಟದ ಹೆಚ್ಚುವರಿ ಭಾಗ) ಬಂದಂತೆಲ್ಲ ಅದರಲ್ಲಿ ಸೇರಿದ ರಾಜ್ಯಗಳ ಟ್ರೀ ಉದ್ದವಾಗುತ್ತ, ಬಹುಮಾನಗಳು ದಪ್ಪವಾಗುತ್ತ ಹೋದವು. ಸೇರದ ರಾಜ್ಯ ಹಳೆಯ ಸಾಮಾನ್ಯ ಪಟ್ಟಿಯೊಂದಿಗೆ ಬಡವಾಗಿಯೇ ಉಳಿಯಿತು. ಯಾವ ರಾಜ್ಯ ಬಲಶಾಲಿ ಎಂಬುದನ್ನು 1444ರ ಪರಿಸ್ಥಿತಿಗಿಂತ ಹೆಚ್ಚಾಗಿ ಮಾರಾಟದ ವೇಳಾಪಟ್ಟಿ ನಿರ್ಧರಿಸಿತು.

1444ರಲ್ಲಿ ವಿಜಯನಗರದ ಸಿಂಹಾಸನದಲ್ಲಿದ್ದವನು ಎರಡನೆಯ ದೇವರಾಯ. ಅದರ ಹಿಂದಿನ ವರ್ಷವಷ್ಟೇ ಹೆರಾತಿನ ದೊರೆ ಶಾರೂಖನ ರಾಯಭಾರಿ ಅಬ್ದುರ್ ರಜಾಕ್ ಅವನ ಆಸ್ಥಾನಕ್ಕೆ ಬಂದಿದ್ದನು. ಇನ್ನೆರಡು ವರ್ಷಗಳಲ್ಲಿ ತಾನು ಸಾಯುವೆನೆಂದಾಗಲಿ, 1485ರಲ್ಲಿ ಸಾಳುವರು ಸಂಗಮರ ಜಾಗಕ್ಕೆ ಬರುವರೆಂದಾಗಲಿ, ಆಮೇಲೆ ತುಳುವರ ಕಾಲ ಬಂದು 1565ರ ತಾಳಿಕೋಟೆಯೊಂದು ಕಾದಿರುವುದೆಂದಾಗಲಿ ದೇವರಾಯನಿಗೆ ತಿಳಿಯುವ ಉಪಾಯವಿರಲಿಲ್ಲ. ಟ್ರೀಯನ್ನು ಬರೆಯುವವರಿಗೆ ಇದೆಲ್ಲವೂ ತಿಳಿದಿರುತ್ತದೆ. ಅವರ ತಿಳಿವಳಿಕೆಯನ್ನು ದೇವರಾಯನ ಮಹತ್ವಾಕಾಂಕ್ಷೆಯೆಂದು ನಮಗೆ ಉಣಬಡಿಸುತ್ತಾರೆ. 2001ರ ಎರಡನೆಯ ಆಟದಲ್ಲಿ ರಾಜರು ಪಟ್ಟಿಯಲ್ಲಿರುವ ದಿನಾಂಕಕ್ಕೆ ಸರಿಯಾಗಿ ಸಾಯುತ್ತಿದ್ದರು. ಅದನ್ನು ಬಾಲಿಶವೆಂದು ಬಿಟ್ಟುಕೊಟ್ಟ ಸರಣಿಯೇ ಬೇರೆ ಬಾಗಿಲಿನಿಂದ ಅದೇ ಮನೋಭಾವವನ್ನು ಒಳಗೆ ಕರೆದುಕೊಂಡಿತು.

ಹೊಸಬರಿಗೆ ದಾರಿ ಕಾಣದು ಎಂಬ ಮಾತನ್ನು ನಾನು ಬಲ್ಲೆ. ಅದು ಟ್ಯೂಷನ್ ಮೇಷ್ಟ್ರು ಪಕ್ಕದಲ್ಲಿ ಇಲ್ಲದಿದ್ದರೆ ಪುಸ್ತಕವನ್ನೇ ತೆರೆಯಲಾರೆ ಎನ್ನುವ ಹುಡುಗನ ಮಾತು. ಈ ಆಟಗಳು ಕಲಿಸುವುದೇನಿದ್ದರೂ ನಿಯಮಗಳ ಮೂಲಕ ಕಲಿಸುತ್ತವೆ: ರಷ್ಯಾದ ಚಳಿಗಾಲದಲ್ಲಿ ಸೈನ್ಯ ಕರಗುವುದು, ಹಡಗುಗಳಿಲ್ಲದವನು ಜಲಸಂಧಿಯಲ್ಲಿ ಸಿಕ್ಕಿಕೊಳ್ಳುವುದು. ಇವಕ್ಕೆ ಪಟ್ಟಿ ಬೇಕಿಲ್ಲ. 1337ರಿಂದ ಆರಂಭವಾಗುವ ಐದನೆಯ ಆಟದಲ್ಲಿ ಕಪ್ಪು ಮೃತ್ಯುವೆಂಬ ಪ್ಲೇಗ್ ಬಂದು ಜನಸಂಖ್ಯೆಯನ್ನು ಕುಗ್ಗಿಸುತ್ತದೆ. ಆಮೇಲೆ ಉಳಿದ ಜನರನ್ನು ಕಟ್ಟಿಕೊಂಡು ಏನು ಮಾಡುವಿರೆಂಬುದು ನಿಮಗೆ ಬಿಟ್ಟದ್ದು. ಹಳೆಯ ಆಟಗಳಿಂದ ಎರವಲು ಪಡೆಯಲೇಬೇಕೆಂದಿದ್ದರೆ, 2003ರ ‘ವಿಕ್ಟೋರಿಯಾ’ ಆಟದಲ್ಲಿದ್ದಂತೆ ಜನರನ್ನು ಕಸುಬು, ಸಂಸ್ಕೃತಿ, ಧರ್ಮಗಳ ಪ್ರಕಾರ ಎಣಿಸುವ ಕ್ರಮವೇ ಮೇಲು, ಮತ್ತು ಐದನೆಯ ಆಟ ಆ ದಾರಿಯನ್ನೇ ಹಿಡಿದಿದೆ.

ಬ್ರಾಂಡೆನ್‌ಬರ್ಗಿನ ಟ್ರೀ ಒಂದನ್ನು ಮಾತ್ರ ಉಳಿಸಿಕೊಂಡಿದ್ದರೆ ನಾನು ತಕರಾರು ತೆಗೆಯುತ್ತಿರಲಿಲ್ಲ.