ಬಾಟಲಿ ತುಂಬುವುದಿದ್ದರೆ ನಮ್ಮ ತೂಬಿನ ಹತ್ತಿರ ಬಂದು ತುಂಬಿ

ಬೆಂಗಳೂರಿನ ಕೊಳಚೆ ಹೊತ್ತು ಬರುವ ವೃಷಭಾವತಿ ಹೊಳೆಯ ನೀರು ಸುಧಾರಿಸಿದೆ ಎಂದು ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಸುಧಾರಿಸಿದ್ದು ಎಲ್ಲಿ? ಬೆಂಗಳೂರಿನ ಕೊಳಚೆ ಶುದ್ಧೀಕರಣ ಘಟಕದ ಬಾಗಿಲಲ್ಲಿ ಹಿಡಿದ ಬಾಟಲಿಯಲ್ಲಿ. ಬಿಡದಿಯ ಆಚೆ, ಬೈರಮಂಗಲ ಕೆರೆಯ ಕೆಳಗೆ, ನಮ್ಮ ಹೊಲಕ್ಕೆ ನೀರು ಹರಿಯುವ ನಾಲೆಯಲ್ಲಿ ಬಾಟಲಿ ಅದ್ದುವವರು ಯಾರೂ ಇಲ್ಲ.

ನಮ್ಮ ಮನೆಯ ಫ್ರಿಜ್ಜಿನ ಹಿಂದಿನ ತಾಮ್ರದ ಕೊಳವೆ ತೂತು ಬಿದ್ದು ಅನಿಲವೆಲ್ಲ ಸೋರಿಹೋಯಿತು. ರಿಪೇರಿಗೆ ಬಂದ ಹುಡುಗ ಕಪ್ಪುಗಟ್ಟಿದ ಕೊಳವೆಯನ್ನು ಉಗುರಿನಿಂದ ಕೆರೆದು, ‘ಮೋರಿ ಪಕ್ಕದ ಮನೆಗಳಲ್ಲೆಲ್ಲ ಹೀಗೆಯೇ’ ಎಂದ. ನಾವಿರುವುದು ಕೆರೆಯ ಅಚ್ಚುಕಟ್ಟಿನಲ್ಲಿ! ದೇವರ ಮುಂದಿನ ಬೆಳ್ಳಿ ದೀಪವನ್ನು ಎಷ್ಟು ಬೆಳಗಿಟ್ಟರೂ ಕೆಲವೇ ದಿನಗಳಲ್ಲಿ ಕರ್ರಗಾಗುತ್ತದೆ. ಕೊಳೆತ ನೀರಿನಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಅನಿಲ ತಾಮ್ರವನ್ನೂ ಬೆಳ್ಳಿಯನ್ನೂ ಬಿಡುತ್ತಿಲ್ಲ. ಉಬ್ಬಸವಿರುವ ನನ್ನ ತಾಯಿ ರಾತ್ರಿಯೆಲ್ಲ ಉಸಿರಾಡುವುದು ಅದೇ ಗಾಳಿಯನ್ನು.

ಘಟಕದ ಕೆಲಸವೇನೂ ಅರ್ಥವಾಗದಷ್ಟು ಜಟಿಲವಲ್ಲ. ಕಸ, ಮರಳು ತೆಗೆದ ಮೇಲೆ ಕೊಳಚೆಗೆ ಗಾಳಿ ಊದಬೇಕು. ಆ ಗಾಳಿಯಲ್ಲಿ ಬ್ಯಾಕ್ಟೀರಿಯಾಗಳು ಬೆಳೆದು ಹೊಲಸನ್ನು ತಿಂದುಹಾಕುತ್ತವೆ. ಗಾಳಿ ಊದುವ ಯಂತ್ರಕ್ಕೆ ವಿದ್ಯುತ್ ಬೇಕು, ಹಣ ಬೇಕು. ಅದನ್ನು ನಿಲ್ಲಿಸಿದರೆ ಅಥವಾ ಕೊಳಚೆ ಘಟಕಕ್ಕೆ ಹೋಗದೆ ನೇರವಾಗಿ ರಾಜಕಾಲುವೆಗೆ ಬಿದ್ದರೆ, ಅದೇ ಬ್ಯಾಕ್ಟೀರಿಯಾಗಳು ಹೊಳೆಯಲ್ಲಿ ಕೆಲಸ ಮಾಡುತ್ತವೆ, ಹೊಳೆಯ ಆಮ್ಲಜನಕವನ್ನೇ ಬಳಸಿಕೊಂಡು. ಮೀನು ಸಾಯುತ್ತದೆ, ನೀರು ಕಪ್ಪಾಗುತ್ತದೆ. ಬಟ್ಟೆ ಒಗೆದ ಪುಡಿ, ಪಾತ್ರೆ ತೊಳೆದ ಸೋಪು ಉಳಿದೇ ಬರುವುದರಿಂದ ತೂಬಿನಿಂದ ನೀರು ಧುಮುಕುವಲ್ಲಿ ನೊರೆ ಆಳೆತ್ತರ ಏಳುತ್ತದೆ. ಅಂದರೆ ನಗರ ಉಳಿಸಿದ ಕರೆಂಟ್ ಬಿಲ್ಲನ್ನು ನಾವು ಕಟ್ಟುತ್ತಿದ್ದೇವೆ.

ಬೆಂಗಳೂರು ಸುಮಾರು 100 ಕಿಲೋಮೀಟರ್ ದೂರದಿಂದ ಕಾವೇರಿ ನೀರನ್ನು ಎತ್ತಿ ತರಿಸಿಕೊಳ್ಳುತ್ತದೆ. 2024ರ ಅಕ್ಟೋಬರ್‌ನಲ್ಲಿ ಆ ಯೋಜನೆಯ ಐದನೇ ಹಂತ ಉದ್ಘಾಟನೆಯಾಗಿ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ಸೇರಿತು. ಬಳಸಿದ ನೀರಿನಲ್ಲಿ ಶೇ 80ರಷ್ಟು ಕೊಳಚೆಯಾಗಿ ಹೊರಬರುತ್ತದೆ ಎಂಬುದು ಎಂಜಿನಿಯರುಗಳ ಲೆಕ್ಕ. ನಲ್ಲಿಯ ಉದ್ಘಾಟನೆಗೆ ಹೂಮಾಲೆ, ವೇದಿಕೆ ಎಲ್ಲವೂ ಇತ್ತು. ಆ ಶೇ 80 ಎಲ್ಲಿಗೆ ಹೋಗುತ್ತದೆ ಎಂದು ವೇದಿಕೆಯ ಮೇಲೆ ಯಾರು ಹೇಳಿದರು? ನಮ್ಮ ಕಡೆಗೆ ಬರುವ ಪಾಲು ವೃಷಭಾವತಿಯಿಂದ ಅರ್ಕಾವತಿಗೆ, ಅಲ್ಲಿಂದ ಸಂಗಮದಲ್ಲಿ ಮತ್ತೆ ಕಾವೇರಿಗೇ ಸೇರುತ್ತದೆ. ಮೇಲಿನಿಂದ ಕುಡಿಯುವ ನೀರು ತೆಗೆದುಕೊಂಡು ಕೆಳಗಿನವರಿಗೆ ಹೊಲಸು ಬಿಡುವುದು ಯಾವ ಸೀಮೆಯ ನ್ಯಾಯ?

ಭತ್ತ, ತರಕಾರಿ ಬೆಳೆಯುತ್ತಿದ್ದ ಈ ಅಚ್ಚುಕಟ್ಟಿನಲ್ಲಿ ಈಗ ಸೀಮೆಹುಲ್ಲು, ಬೇಬಿ ಕಾರ್ನ್, ಹಿಪ್ಪುನೇರಳೆ. ನೀರು ಕಟ್ಟಿ ಬಂದರೆ ಮೊಣಕಾಲಿನವರೆಗೆ ತುರಿಕೆ, ಬೆರಳ ಸಂದಿಯಲ್ಲಿ ಹುಣ್ಣು. ಕೊಳವೆಬಾವಿಯ ನೀರನ್ನೂ ಬಾಯಿಗೆ ಹಾಕುವಂತಿಲ್ಲ. ಕಾವೇರಿ ಕೊಳ್ಳದಲ್ಲಿ ಹುಟ್ಟಿದ ನಾವು ಕ್ಯಾನ್ ನೀರು ಕೊಂಡು ಕುಡಿಯುತ್ತೇವೆ.

ದೂರು ಕೊಟ್ಟೆವು. ಒಂದು ಕಚೇರಿಯವರು ಇನ್ನೊಂದು ಕಚೇರಿಗೆ ಹೋಗಿ ಎಂದರು. ಅವರು ‘ಅದು ಕೈಗಾರಿಕೆಗಳದ್ದು, ನಮ್ಮದಲ್ಲ’ ಎಂದರು. ಕೊನೆಗೊಮ್ಮೆ ಬಂದ ಅಧಿಕಾರಿ ಮಟಮಟ ಮಧ್ಯಾಹ್ನ ಜೀಪಿನಿಂದಿಳಿದು, ಮೂಗಿಗೆ ಕರವಸ್ತ್ರ ಒತ್ತಿಕೊಂಡು ನೋಡಿ, ಹಾಗೆಯೇ ಹೊರಟರು. ನೀರಿನ ಬಣ್ಣ ಬದಲಾಗುವುದು ರಾತ್ರಿ, ಇಲ್ಲವೇ ಜೋರು ಮಳೆ ಬಂದಾಗ. ಅದನ್ನು ಹೇಳಿದರೆ ‘ಬರೆದು ಕೊಡಿ’ ಎಂದರು. ಬರೆದೂ ಕೊಟ್ಟಿದ್ದೇವೆ. ಅಧಿಕಾರಿಗಳು ಕಂಡುಕೊಂಡ ಪರಿಹಾರ, ಹೊಲಸು ಕೆರೆಗೆ ಬೀಳದಂತೆ ಪಕ್ಕದಲ್ಲೇ ಕಾಲುವೆ ಕಟ್ಟಿ ಮುಂದಕ್ಕೆ ದಾಟಿಸುವುದು. ಮುಂದಿನ ಊರಿನವರು ಮನುಷ್ಯರಲ್ಲವೇ?

ಶುದ್ಧೀಕರಿಸಿದ ನೀರಿನ ಬಿಒಡಿ, ಅಂದರೆ ಉಳಿದ ಹೊಲಸನ್ನು ತಿನ್ನಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕ, ಲೀಟರಿಗೆ 10 ಮಿಲಿಗ್ರಾಂ ಮೀರಬಾರದೆಂದು ಹಸಿರು ನ್ಯಾಯಮಂಡಳಿ ಮಹಾನಗರಗಳಿಗೆ 2019ರಲ್ಲೇ ಹೇಳಿದೆ. ಹಾಗಾದರೆ ನಮ್ಮ ತೂಬಿನ ಬಳಿ ಎಷ್ಟಿದೆ, ಅಳೆಯಿರಿ. ಹಗಲಲ್ಲಿ ಬೇಡ, ರಾತ್ರಿ ಹನ್ನೊಂದರ ಮೇಲೆ ಬನ್ನಿ, ಮಳೆ ಸುರಿದ ದಿನವೂ ಬನ್ನಿ. ಬಾಟಲಿಯನ್ನು ನಮ್ಮ ಕಣ್ಣೆದುರೇ ತುಂಬಿ ಮೊಹರು ಹಾಕಿ, ಬಂದ ಅಂಕಿಯನ್ನು ಕನ್ನಡದಲ್ಲಿ ಬರೆದು ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಿ, ಪ್ರತಿ ತಿಂಗಳೂ.