ಒಂಟೆ ಬಿಡಿ, ಗೆರೆ ನೋಡಿ

ಹಳೆಯ ಕಡಲ ನಕ್ಷೆ ಅಂದರೆ ಸಾಕು, ಎಲ್ಲರೂ ಹಂಚಿಕೊಳ್ಳುವುದು 1375ರ ಕೆಟಲಾನ್ ಅಟ್ಲಾಸಿನ ಚಿತ್ರ. ಒಂಟೆ ಸಾಲು, ಚಿನ್ನದ ಲೇಪ, ಕಿರೀಟ ತೊಟ್ಟ ರಾಜರು. ಚೆಂದ ಹೌದು. ಆದರೆ ಅದು ಫ್ರಾನ್ಸಿನ ಅರಸನ ಗ್ರಂಥಭಂಡಾರ ಸೇರಿದ ಒಡವೆ, ಹಡಗಿನ ಸಾಮಾನಲ್ಲ. ಕಡಲಿಗಿಳಿದ ನಕ್ಷೆಗಳು ಬಹುಪಾಲು ಸವೆದು ಹಾಳಾದವು. 1354ರಲ್ಲಿ ಈಗಿನ ಸ್ಪೇನಿನಲ್ಲಿದ್ದ ಅರಗಾನ್ ರಾಜ್ಯದ ದೊರೆ ಪ್ರತಿ ಯುದ್ಧನೌಕೆಯಲ್ಲೂ ಎರಡೆರಡು ನಕ್ಷೆ ಇರಲೇಬೇಕು ಅಂತ ಅಪ್ಪಣೆ ಮಾಡಿದ್ದನ್ನು ನೋಡಿದರೆ, ಎಷ್ಟು ತಯಾರಾಗಿ ಎಷ್ಟು ಹೋದವೋ ಊಹಿಸಿಕೊಳ್ಳಿ.

ನನ್ನ ಕೇಳಿದರೆ, ಪೋರ್ಟೊಲಾನ್ ಅಂತ ಕರೆಯುವ ಈ ಹಳೆಯ ಕಡಲ ನಕ್ಷೆಗಳ ನಿಜವಾದ ಕಸುಬು ಇರುವುದು ಗೆರೆಗಳಲ್ಲಿ. ಅವನ್ನು ಅಕ್ಷಾಂಶ-ರೇಖಾಂಶ ಅಂದುಕೊಳ್ಳುವವರೇ ಹೆಚ್ಚು. ಅಲ್ಲ, ಅವು ಗಾಳಿಯ ದಿಕ್ಕುಗಳು. ಹದ ಮಾಡಿದ ಚರ್ಮದ ಮೇಲೆ, ಕಣ್ಣಿಗೆ ಕಾಣದ ಹಾಗೆ ದೊಡ್ಡದೊಂದು ವೃತ್ತ. ಅದರ ಅಂಚಿಗೆ ಸಮ ಅಂತರದಲ್ಲಿ 16 ಬಿಂದು. ಬಿಂದುವಿನಿಂದ ಬಿಂದುವಿಗೆ ಗೆರೆ. ಎಂಟು ಮುಖ್ಯ ಗಾಳಿಗೆ ಕಪ್ಪು ಅಥವಾ ಕಂದು, ಅವುಗಳ ನಡುವಿನ ಎಂಟು ಅರ್ಧ ಗಾಳಿಗೆ ಹಸಿರು, ಮತ್ತೆ ಇವೆಲ್ಲದರ ನಡುವಿನ ಹದಿನಾರು ಕಾಲು ಗಾಳಿಗೆ ಕೆಂಪು. ಒಟ್ಟು 32 ದಿಕ್ಕು, ಒಂದರಿಂದ ಇನ್ನೊಂದಕ್ಕೆ 11.25 ಡಿಗ್ರಿ. ಬಣ್ಣ ಇಲ್ಲದಿದ್ದರೆ ಆ ಜಾಲದಲ್ಲಿ ಯಾವ ಗೆರೆ ಯಾವುದು ಅಂತ ಹಿಡಿಯುವುದೇ ಕಷ್ಟ.

ಬಳಸುವುದು ಸುಲಭ. ಹೊರಡುವ ಬಂದರಿಂದ ಸೇರುವ ಬಂದರಿಗೆ ಅಳತೆಪಟ್ಟಿ ಇಟ್ಟು, ಅದಕ್ಕೆ ಸಮಾಂತರವಾದ ಹತ್ತಿರದ ಗೆರೆಯನ್ನು ಕೈವಾರದಿಂದ ಹುಡುಕಬೇಕು, ಅದೇ ದಿಕ್ಕು. ಆಮೇಲೆ ಕೈವಾರವನ್ನು ಮೈಲಿ ಪಟ್ಟಿಗೆ ಇಟ್ಟರೆ ದೂರ. ಎದುರುಗಾಳಿಗೆ ಸಿಕ್ಕಿ ಹಾದಿ ತಪ್ಪಿದರೆ? ಅದಕ್ಕೂ ಕೋಷ್ಟಕ ಇತ್ತು. ವೆನಿಸ್ಸಿನ ಆಂಡ್ರಿಯಾ ಬಿಯಾಂಕೊ 1436ರ ತನ್ನ ಅಟ್ಲಾಸಿನಲ್ಲಿ ಕೊಟ್ಟಿದ್ದಾನೆ. ಹೋಗಬೇಕಾದ ದಿಕ್ಕಿನಿಂದ ಒಂದೇ ಒಂದು ಕಾಲು ಗಾಳಿಯಷ್ಟು, ಅಂದರೆ 11.25 ಡಿಗ್ರಿ, ವಾಲಿ 100 ಮೈಲಿ ಹೋದರೆ ಪಕ್ಕಕ್ಕೆ 20, ಮುಂದಕ್ಕೆ 98. ಎರಡಾದರೆ 38, 92. ನಾಲ್ಕಾದರೆ ಎರಡೂ 71. ತ್ರಿಕೋನಮಿತಿಯ ಹೆಸರೆತ್ತದೆ ಸೈನ್, ಕೊಸೈನ್ ಎರಡನ್ನೂ ನಾವಿಕನ ಕೈಗೆ ಕೊಟ್ಟಿದ್ದರು!

ಇನ್ನು ಊರ ಹೆಸರುಗಳು. ತೀರಕ್ಕೆ ಲಂಬವಾಗಿ, ನೆಲದ ಕಡೆಗೆ ಬರೆಯುತ್ತಿದ್ದರು, ನೀರಿನ ಭಾಗ ಗಿಜಿಗುಡದಿರಲಿ ಅಂತ. ಮುಖ್ಯ ಬಂದರು ಕೆಂಪಿನಲ್ಲಿ, ಉಳಿದದ್ದು ಕಪ್ಪಿನಲ್ಲಿ. ಮರಳುದಿಬ್ಬಕ್ಕೆ ಚುಕ್ಕೆ, ಬಂಡೆಗೆ ಶಿಲುಬೆ ಗುರುತು. ಭೂಶಿರ, ಪುಟ್ಟ ದ್ವೀಪಗಳನ್ನು ಬೇಕೆಂದೇ ದೊಡ್ಡದು ಮಾಡುತ್ತಿದ್ದರು. ಅದನ್ನು ತಪ್ಪು ಅನ್ನುವವರಿದ್ದಾರೆ. ಹಡಗಿಗೆ ಅಪಾಯವೋ ಆಸರೆಯೋ ಆಗುವುದು ಕಣ್ಣಿಗೆ ಬೀಳಲೇಬೇಕಲ್ಲ?

ನಿಜವಾದ ದೋಷಗಳು ಬೇರೆ. ದಿಕ್ಸೂಚಿಯ ಉತ್ತರ ನಿಜವಾದ ಉತ್ತರವಲ್ಲ. ಹಾಗಾಗಿ ಇಡೀ ಮೆಡಿಟರೇನಿಯನ್ ಸುಮಾರು 9-10 ಡಿಗ್ರಿ ಅಪ್ರದಕ್ಷಿಣವಾಗಿ ತಿರುಗಿದೆ. ದಿಕ್ಸೂಚಿ ಹಿಡಿದೇ ಹೋಗುವವನಿಗೆ ಅದರಿಂದ ನಷ್ಟವೇನಿಲ್ಲ, ತಪ್ಪಿಗೆ ತಪ್ಪು ಸರಿಹೋಗುತ್ತದೆ. ಚರ್ಮದ್ದು ಹಾಗಲ್ಲ: ತೇವಕ್ಕೆ ಹಿಗ್ಗಿ ಒಣಗಿದಾಗ ಕುಗ್ಗುತ್ತದೆ, ಅದೂ ಎಲ್ಲ ಕಡೆ ಒಂದೇ ಸಮ ಅಲ್ಲ, ಅಳತೆ ಕೆಡುತ್ತದೆ. ಹಸಿರು ಗೆರೆಗೆ ಬಳಸಿದ ತಾಮ್ರದ ಕಿಲುಬಿನ ಬಣ್ಣ ಕಾಲಕ್ರಮೇಣ ಕಂದಾಗಿ ಚರ್ಮವನ್ನೇ ತಿನ್ನುತ್ತದೆ.

ಇದೇ ಗೆರೆಜಾಲ 1502ರ ಕಾಂಟಿನೊ ಎಂಬ ವಿಶ್ವನಕ್ಷೆಯಲ್ಲಿ ಅರಬ್ಬಿ ಸಮುದ್ರಕ್ಕೂ ಬಂತು. ಆರು ಚರ್ಮದ ಹಾಳೆ ಅಂಟಿಸಿ ಮಾಡಿದ, ಲಿಸ್ಬನ್ನಿನಿಂದ ಗುಟ್ಟಾಗಿ ಇಟಲಿಗೆ ಸಾಗಿಸಿದ ಈ ನಕ್ಷೆ ಈಗ ಮೊಡೆನಾದ ಎಸ್ಟೆ ಗ್ರಂಥಾಲಯದಲ್ಲಿದೆ. ವಾಸ್ಕೋ ಡ ಗಾಮ ಬಂದು ಹೋಗಿ ನಾಲ್ಕೇ ವರ್ಷ, ಅಷ್ಟರಲ್ಲೇ ನಮ್ಮ ಪಶ್ಚಿಮ ಕರಾವಳಿ ಗುರುತು ಹಿಡಿಯುವ ಹಾಗೆ ಮೂಡಿದೆ.